ಪಂಕ್ತಿಯ ಕೊನೆಯ ಊರು

ಕಳೆದ ವಾರ ಡಲ್ಲಾಸಿನ ನಮ್ಮ ಆಫೀಸು ಎರಡನೆಯ ಮಹಡಿಯಿಂದ ಐದನೆಯದಕ್ಕೆ ಶಿಫ್ಟ್ ಆಯಿತು. ಕಪಾಟಿನ ಹಿಂದೆ ಸಿಕ್ಕಿಕೊಂಡಿದ್ದ ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಎಳೆದು ಮುಚ್ಚಳ ತೆಗೆದೆ. ಮೊದಲು ಬಂದದ್ದು ಹುಣಸೆಹುಳಿಯ ವಾಸನೆ, ಅದರ ಹಿಂದೆಯೇ ಇಂಗು, ಆಮೇಲೆ ನಿಧಾನವಾಗಿ ಪೆನ್ಸಿಲಿನ ವಾಸನೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಮೂಗು ಅರಳಿಸಿ, ಯಾರೋ ಊಟದ ಡಬ್ಬಿ ಮರೆತಿದ್ದಾರೆಯೇ ಎಂದು ಕೇಳಿದ. ಊಟವಲ್ಲ ಮಾರಾಯ, ಎರಡು ದೇಶಗಳ ಮುಂದಿನ ಐವತ್ತು ವರ್ಷ ಇದರೊಳಗಿದೆ ಎನ್ನಬೇಕೆನಿಸಿತು. ಅಂದಿದ್ದರೆ ಅರ್ಥ ಹೇಳುತ್ತ ಸಂಜೆಯಾಗುತ್ತಿತ್ತು. ನಕ್ಕು ಮುಚ್ಚಳ ಹಾಕಿದೆ.

ಕೊಳವೆಯಲ್ಲಿದ್ದ ನಕ್ಷೆಯನ್ನು ಹೊತ್ತು ತಿರುಗಿದ ಆ ಬೇಸಿಗೆಯನ್ನು ನಾನು ಬದುಕಿದೆನೋ ಅಥವಾ ಕಾರಿನ ಕಿಟಕಿಯಲ್ಲಿ ನೋಡುತ್ತ ಹೋದೆನೋ ಎಂಬ ಅನುಮಾನ ಈಗಲೂ ಇದೆ. ಆಸ್ಟಿನ್‌ನಲ್ಲಿ ಓದು ಮುಗಿಸಿ ಕ್ಯಾರೊಲ್ ಎಂಬಾಕೆಯ ಪುಟ್ಟ ಆಫೀಸಿಗೆ ಸೇರಿದ್ದೆ. ಆಫೀಸೆಂದರೆ ಹಳೆಯ ಮರದ ಮನೆ, ಮುಂದೊಂದು ಪೆಕಾನ್ ಮರ, ಇಡೀ ದಿನ ಜೀರುಂಡೆಗಳ ಸದ್ದು. ನಾನು ಓದಿದ್ದು ಪ್ರಾದೇಶಿಕ ಯೋಜನೆ, ಅಂದರೆ ಒಂದು ಸೀಮೆಯ ಊರು, ರಸ್ತೆ, ನೀರು ಮುಂದೆ ಹೇಗಿರಬೇಕೆಂದು ಲೆಕ್ಕ ಹಾಕುವ ವಿದ್ಯೆ. ಬೀದರ್ ಜಿಲ್ಲೆಯ ಔರಾದಿನಲ್ಲಿದ್ದ ನನ್ನ ಅವ್ವನಿಗೆ ಅದನ್ನು ತಿಳಿಸಿ ಹೇಳುವ ಪರೀಕ್ಷೆಯಲ್ಲಿ ಮಾತ್ರ ನಾನು ಇಂದಿಗೂ ಪಾಸಾಗಿಲ್ಲ.

"ಯಾರ ಮನಿ ಪ್ಲಾನ್ ಹಾಕ್ಲಿಕತ್ತೀ ವೇಣಿ ಈಗ?" ಎಂದು ಫೋನಿನಲ್ಲಿ ಕೇಳುತ್ತಿದ್ದಳು.

"ಮನಿದಲ್ಲವ್ವ, ಎರಡು ದೇಶದ್ದು."

"ಎರಡೂ ದೇಶದವ್ರು ನಿನ್ನ ಮಾತು ಕೇಳ್ತಾರೇನು?"

ಕ್ಯಾರೊಲ್ ಮಾತ್ರ ಕೇಳಿಸಿಯೇ ತೀರುತ್ತೇನೆ ಎಂದು ಹೊರಟಿದ್ದಳು. ಅವಳ ವಾದ ಸರಳವಾಗಿತ್ತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳು ಉಬ್ಬುತ್ತಲೇ ಇವೆ. ದಕ್ಷಿಣಕ್ಕೆ ಹೋದರೆ ಗಡಿಯ ನದಿ. ಅದರ ಎರಡೂ ದಡದ ಊರುಗಳಿಂದ ಮಕ್ಕಳು ಬಸ್ಸು ಹತ್ತಿ ಈ ಮೂರು ಊರುಗಳಿಗೇ ಬರುತ್ತಾರೆ. ದೇಶ ಎರಡಿರಬಹುದು, ನದಿ ಒಂದೇ, ಬಿಸಿಲು ಒಂದೇ, ಸೇತುವೆ ದಾಟುವ ಲಾರಿಗಳೂ ಅವೇ. ಹಾಗಾದರೆ ಐವತ್ತು ವರ್ಷದ ಯೋಜನೆಯನ್ನು ಎಲ್ಲವೂ ಒಂದೇ ಪ್ರದೇಶವೆಂದು ತಿಳಿದು ಯಾಕೆ ಮಾಡಬಾರದು? ಯುರೋಪಿನಲ್ಲಿ ನೆರೆಯ ದೇಶಗಳು ಸೇರಿ ಹಿಂದೆ ಬಿದ್ದ ಸೀಮೆಗಳನ್ನು ಕೈಹಿಡಿದು ಎತ್ತಲು ನೋಡುತ್ತವೆ, ನಮಗೇನು ಧಾಡಿ ಎನ್ನುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಅಂದದ್ದು ಇನ್ನೂ ಸ್ವಲ್ಪ ಖಾರವಾಗಿತ್ತು.

ಔರಾದಿನವಳಿಗೆ ಗಡಿ ಹೊಸದಲ್ಲ. ನಮ್ಮ ಕಡೆ ಗಡಿಯೆಂದರೆ ಬಸ್ಸಿನ ಬೋರ್ಡಿನ ಅಕ್ಷರ ಬದಲಾಗುವ ಜಾಗ, ಅಷ್ಟೆ. ಹಲ್ಲುನೋವು ಬಂದರೆ ಮಹಾರಾಷ್ಟ್ರದ ಉದಗೀರಕ್ಕೆ ಹೋಗಿ ಕೀಳಿಸಿಕೊಂಡು ಸಂಜೆಯ ಹೊತ್ತಿಗೆ ಮನೆ ಸೇರುತ್ತಿದ್ದೆವು. ಎಲ್ಲ ಗಡಿಗಳೂ ಹೀಗಲ್ಲ ಎಂದು ನನಗೆ ತಿಳಿಸಿಕೊಟ್ಟವಳು ಮಾರಿಸೋಲ್.

ಅವಳು ಕ್ಯಾರೊಲ್ ಆಫೀಸಿನಲ್ಲಿ ನನ್ನ ಜೊತೆಗಾತಿ, ನನ್ನದೇ ವಯಸ್ಸು. ಈಚೆಯವರು ರಿಯೊ ಗ್ರಾಂಡೆ ಎಂದು, ಆಚೆಯವರು ರಿಯೊ ಬ್ರಾವೊ ಎಂದು ಕರೆಯುವ ಆ ನದಿಯ ಆಚೆ ದಡದಲ್ಲಿ, ಮೆಕ್ಸಿಕೋದ ಒಂದು ಸಣ್ಣ ಊರು ಅವಳದು. ಅಮ್ಮ ಎಲ್ವೀರಾ ಅಲ್ಲಿದ್ದರು, ಹೊಲಿಗೆ ಅಂಗಡಿ ಇಟ್ಟುಕೊಂಡು ಜೋರಾಗಿಯೇ ಇದ್ದರು. ಊರಿಗೆ ವಾಪಸು ಹೋಗಬೇಕೆಂಬುದು ಮಾರಿಸೋಲಳ ಒಂದೇ ಆಸೆ, ಆದರೆ ಅವಳು ಕಲಿತ ಕೆಲಸ ಆ ಊರಿನಲ್ಲಿ ಇರಲಿಲ್ಲ. ಕ್ಯಾರೊಲಳ ಯೋಜನೆಯಲ್ಲಿ 'ನದಿ' ಎಂಬ ಅಧ್ಯಾಯವೊಂದಿತ್ತು, ಅದರಲ್ಲಿ ಎರಡೂ ದೇಶದವರು ಕೂತು ಕೆಲಸ ಮಾಡುವ ಒಂದು ಪುಟ್ಟ ಕಚೇರಿಯ ಪ್ರಸ್ತಾಪವಿತ್ತು. ಕಚೇರಿ ಮಾರಿಸೋಲಳ ಊರಿನಲ್ಲೇ ಬರುವುದಿತ್ತು, ಅದನ್ನು ನೋಡಿಕೊಳ್ಳುವ ಕೆಲಸ ಅವಳಿಗೇ ಎಂದು ಮಾತಾಗಿತ್ತು. ಆದರೆ ಹಣ ಕೊಡುವ ಸಮಿತಿ ಒಂದು ಷರತ್ತು ಹಾಕಿತು. ಮೂರು ಊರುಗಳಲ್ಲಿ ಜನರ ಸಭೆ ನಡೆಸಿ, ನದಿಯ ಕಡೆಗೂ ಏನಾದರೂ ಬೆಳೆಯಲಿ ಎಂದು ಜನ ಬಯಸುತ್ತಾರೆಯೇ ನೋಡಿ. ಬಯಸದಿದ್ದರೆ ಆ ಅಧ್ಯಾಯ ತೆಗೆಯಿರಿ. ಅಧ್ಯಾಯ ಹೋದರೆ ಕಚೇರಿ ಹೋಯಿತು, ಕಚೇರಿ ಹೋದರೆ ಮಾರಿಸೋಲ್ ಊರಿಗೆ ಹೋಗುವ ದಾರಿಯೂ ಹೋಯಿತು.

ಹೀಗೆ ನಾವಿಬ್ಬರೂ ನಕ್ಷೆಯ ಸುರುಳಿಯನ್ನು ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಮಲಗಿಸಿಕೊಂಡು ಮೂರು ಊರುಗಳ ನಡುವೆ ಅಲೆದೆವು. ರಸ್ತೆ ಬಿಸಿಲಿಗೆ ಕರಗಿ ಮುಂದೆ ನೀರಿನಂತೆ ಹೊಳೆಯುತ್ತಿತ್ತು, ಹತ್ತಿರ ಹೋದರೆ ಇನ್ನೂ ಮುಂದಕ್ಕೆ ಸರಿಯುತ್ತಿತ್ತು. ಐವತ್ತು ವರ್ಷದ ಲೆಕ್ಕದಲ್ಲಿ ಯೋಚಿಸುವುದು ಒಂದು ಬಗೆಯ ಅಮಲು. ಒಣ ಹುಲ್ಲಿನ ಬಯಲು ಕಂಡರೆ ಅಲ್ಲಿ ಇನ್ನೂ ಕಟ್ಟಿರದ ಶಾಲೆಯ ಗಂಟೆ ಕೇಳಿಸುತ್ತಿತ್ತು. ದನಗಳು ಮಲಗಿದ್ದ ಓಕ್ ಮರದ ನೆರಳಿನಲ್ಲಿ ರೈಲು ನಿಲ್ದಾಣ ಕಾಣುತ್ತಿತ್ತು, ಅಲ್ಲಿ ಯಾರೋ ಮುದುಕಿ ಚೀಲ ಹಿಡಿದು ಕಾಯುತ್ತಿದ್ದಳು, ಅವಳು ಬಹುಶಃ ನಾನೇ. ಮಾರಿಸೋಲ್ ಕಿಟಕಿಗೆ ಹಣೆ ಆನಿಸಿ ಊರಿನ ಸಂಜೆಗಳನ್ನು ಹೇಳುತ್ತಿದ್ದಳು. ಬಿಸಿಲು ಇಳಿದ ಮೇಲೆ ಜನ ಕುರ್ಚಿ ತಂದು ಮನೆಯ ಮುಂದೆ ಕೂರುತ್ತಾರಂತೆ, ಏನೂ ಮಾತಾಡದೆ ಬೀದಿ ನೋಡುತ್ತಾರಂತೆ. ಕೇಳುತ್ತ ಕೇಳುತ್ತ ಆ ಬೀದಿ ಔರಾದಿನದೋ ಅವಳೂರಿನದೋ ನನಗೆ ಗೊತ್ತಾಗುತ್ತಿರಲಿಲ್ಲ.

ಮೊದಲ ಸಭೆ ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ. ಹೊರಗಿನಿಂದ ಬಂದು ನೆಲೆಸಿದವರ ಅಭಿಪ್ರಾಯವೂ ಬೇಕು ಎಂದು ಕ್ಯಾರೊಲ್ ಕನ್ನಡದವರನ್ನು ಸೇರಿಸುವ ಕೆಲಸ ನನಗೆ ವಹಿಸಿದ್ದಳು. ಇರ್ವಿಂಗ್‌ನಲ್ಲಿ ಕನ್ನಡದವರನ್ನು ಸೇರಿಸಲು ಒಂದೇ ದಾರಿ, ಪದ್ಮಾ ಆಂಟಿ. ಮೈಸೂರಿನವರು, ಇಲ್ಲಿಗೆ ಬಂದು ಬಹಳ ಕಾಲವಾಗಿತ್ತು. ಯಾವ ಸಮಾರಂಭದಲ್ಲೂ ಬಫೆ ಇಡಗೊಡುತ್ತಿರಲಿಲ್ಲ. "ಭಿಕ್ಷೆ ಬೇಡೋ ಹಾಗೆ ತಟ್ಟೆ ಹಿಡ್ಕೊಂಡು ಕ್ಯೂ ನಿಲ್ಲೋದೇನು? ಕೂತ್ಕೊಳ್ಳಿ, ಬಡಿಸ್ತೀವಿ," ಎನ್ನುವವರು. ಫ್ರೀಜರಿನಿಂದ ಎದ್ದುಬಂದ ಬಾಳೆಎಲೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿಸಿದರು. ಅದಕ್ಕೆ ಜಾಗ ಬೇಕಿತ್ತು, ಹಾಗಾಗಿ ನಮ್ಮ ನಕ್ಷೆಯ ಮೇಜನ್ನು ಗೋಡೆಗೆ ಒತ್ತಿ ನಿಲ್ಲಿಸಿದರು.

ಸಭೆಯೆಂದರೆ ಒಂದು ಆಟ. ಬಂದವರ ಕೈಗೆ ಹಿಡಿತುಂಬ ಮರದ ಬಿಲ್ಲೆಗಳನ್ನು ಕೊಡುತ್ತಿದ್ದೆವು. ಒಂದೊಂದು ಬಿಲ್ಲೆ ಎಂದರೆ ಒಂದು ಸಣ್ಣ ಊರಿನಷ್ಟು ಹೊಸ ಜನ, ಅವರ ಮನೆ, ಕೆಲಸ, ಶಾಲೆ. ಐವತ್ತು ವರ್ಷದಲ್ಲಿ ಇವರೆಲ್ಲ ಬಂದೇ ಬರುತ್ತಾರೆ, ಎಲ್ಲಿರಬೇಕು ನೀವೇ ಹೇಳಿ. ನಿಯಮ ಒಂದೇ, ಕೈಯಲ್ಲಿ ಒಂದೂ ಬಿಲ್ಲೆ ಉಳಿಯಬಾರದು.

ಆಟ ಶುರುವಾದದ್ದೇ ಎಲ್ಲರ ಬುದ್ಧಿಯೂ ಹೊರಬಿತ್ತು. ಡಲ್ಲಾಸಿನ ಉತ್ತರಕ್ಕಿರುವ ಮೆಕಿನ್ನಿಯಲ್ಲಿ ಮನೆ ಮಾಡಿ ದಿನಾ ಪಕ್ಕದೂರು ಪ್ಲೇನೋಗೆ ಡ್ರೈವ್ ಮಾಡುವ ಮಂಜುನಾಥ್ ಎಂಬವರು ತಮ್ಮ ಬಿಲ್ಲೆಗಳನ್ನು ಮೆಕಿನ್ನಿ ಒಂದು ಬಿಟ್ಟು ಬೇರೆಲ್ಲ ಕಡೆ ಹಂಚಿದರು. "ನಮ್ಮಲ್ಲಿ ಈಗ್ಲೇ ಟ್ರಾಫಿಕ್ ಸಾಕಾಗಿದೆ ಕಣ್ರೀ," ಎಂದರು. ಪ್ಲೇನೋದವರು ಅವನ್ನು ಎತ್ತಿ ಮೆಕಿನ್ನಿಗೇ ಇಟ್ಟರು. ನದಿ ಇದ್ದದ್ದು ನಕ್ಷೆಯ ತಳದಲ್ಲಿ, ತಳ ಇದ್ದದ್ದು ಗೋಡೆಯ ಕಡೆ. ಅಲ್ಲಿಯ ತನಕ ಯಾರ ಕೈಯೂ ಎಟುಕಲಿಲ್ಲ. ಎರಡು ದೇಶಗಳ ಭವಿಷ್ಯ ತೋಳಿನ ಉದ್ದದ ಮೇಲೆ ನಿಂತಿತ್ತು.

ಇನ್ನೂ ಒಂದು ಕಾರಣವಿತ್ತು. ನಕ್ಷೆಗೆ ಬೇಕಾದ ಮಾಹಿತಿಯೆಲ್ಲ ಈಚೆ ದೇಶದ್ದು, ನದಿಗೆ ಬಂದು ನಿಂತುಬಿಡುತ್ತಿತ್ತು. ಆಚೆಗೆ ಬರೀ ಬಿಳಿ ಕಾಗದ. ಮಂಜುನಾಥ್ ಕತ್ತು ಚಾಚಿ ನೋಡಿ, "ಅಲ್ಲೇನೂ ಇಲ್ವಲ್ಲ, ಖಾಲಿ," ಎಂದರು. ಏನಂದರು ಎಂದು ಮಾರಿಸೋಲ್ ನನ್ನನ್ನು ಕೇಳಿದಳು, ಹೇಳಿದೆ. ಅವಳು ನಕ್ಕು, "ಅಲ್ಲಿ ನಮ್ಮಮ್ಮ ಇದ್ದಾಳೆ ಅಂತ ಹೇಳು," ಎಂದಳು. ಮಂಜುನಾಥ್ ಪಾಪ, ಕಿವಿ ಕೆಂಪಾಗಿ, ಅವಳಿಗೆ ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿ ಎರಡೆರಡು ಸಲ ಪುಳಿಯೋಗರೆ ಬಡಿಸಿದರು. ಅದೇ ಗಡಿಬಿಡಿಯಲ್ಲಿ ಒಂದು ಸೌಟು ನಕ್ಷೆಯ ಮೇಲೂ ಬಿತ್ತು.

ಊಟಕ್ಕೆ ಕೂತಾಗ ನಾನು ಪಂಕ್ತಿಯ ತುದಿಯಲ್ಲಿದ್ದೆ. ಪದ್ಮಾ ಆಂಟಿ ಬಡಿಸುವವರನ್ನು ತಡೆದು, "ಆ ಕೊನೆಯಿಂದ ಶುರು ಮಾಡಿ," ಎಂದು ನನ್ನ ಕಡೆ ಕಳಿಸಿದರು. ಯಾಕೆ ಆಂಟಿ ಎಂದೆ. "ಮುಂದೆ ಕೂತೋರು ಕೇಳಿ ಹಾಕಿಸ್ಕೋತಾರೆ. ಕೊನೇಲಿ ಕೂತೋರು ಸಂಕೋಚ ಪಟ್ಕೊಂಡು ಸುಮ್ನಿರ್ತಾರೆ. ಪಾತ್ರೆ ಅಲ್ಲಿಗೆ ಬರೋ ಹೊತ್ತಿಗೆ ತಳ ಕಂಡಿರತ್ತೆ." ನಾನು ಇದನ್ನು ಕ್ಯಾರೊಲಳಿಗೆ ಹೇಳಿದೆ. ಅವಳು ಅನ್ನ ಕಲೆಸುವುದನ್ನು ನಿಲ್ಲಿಸಿ ಆಂಟಿಯನ್ನೇ ನೋಡಿದಳು. ತಾನು ಇಷ್ಟು ವರ್ಷದಿಂದ ಬರೆದ ವರದಿಗಳಲ್ಲಿ ಇರುವುದು ಇದೇ, ಆದರೆ ಇಷ್ಟು ಚಿಕ್ಕದಾಗಿ ಬರೆಯಲು ಬರಲಿಲ್ಲ ಎಂದಳು. ಕ್ಯಾರೊಲಳ ಮಾತು ಕೇಳಿಸಿಕೊಂಡ ಆಂಟಿ ಗೋಡೆಯ ಕಡೆಯ ಮೇಜು ನೋಡಿದರು, ಮಾರಿಸೋಲಳನ್ನು ನೋಡಿದರು, ಅವಳ ಕಥೆಯನ್ನೆಲ್ಲ ನನ್ನಿಂದ ಹೊರಡಿಸಿದರು. "ಮೇಜು ಅಲ್ಲಿಗೆ ತಳ್ಳಿದ್ದು ನಾನೇ ಅಲ್ವೇನೇ?" ಎಂದು ಪೇಚಾಡಿಕೊಂಡರು. "ಮುಂದಿಂದು ಎಲ್ಲಿ? ನಾನೂ ಬರ್ತೀನಿ."

ಎರಡನೆಯ ಸಭೆ ಆಸ್ಟಿನ್‌ನಲ್ಲಿ, ವಿದ್ಯಾರ್ಥಿಗಳದ್ದು. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಮಾರಿಸೋಲ್ ನಕ್ಷೆಯನ್ನು ನೆಲದ ಮೇಲೆ ಹಾಸಿ, ಮೊಣಕಾಲೂರಿ, ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ತನ್ನ ಊರನ್ನು ಬರೆಯತೊಡಗಿದಳು. ಚೌಕ, ಚರ್ಚು, ಹಳೆಯ ಸೇತುವೆ, ಅಮ್ಮನ ಹೊಲಿಗೆ ಅಂಗಡಿ. ಕಿಟಕಿಯ ಆಚೆ ಪೆಕಾನ್ ಎಲೆಗಳ ನೆರಳು ಕಾಗದದ ಮೇಲೆ ಓಲಾಡುತ್ತಿತ್ತು. ಬೀದಿಗಳು ಒಂದೊಂದಾಗಿ ಮೂಡಿದಂತೆ ಇಡೀ ಕೋಣೆಗೆ ಆ ಊರಿನ ಸಂಜೆ ಇಳಿದ ಹಾಗಾಯಿತು. ಅವಳು ಪೆನ್ಸಿಲಿನ ತುದಿಯಿಂದ ಒಂದು ಮನೆಯ ಮುಂದೆ ಎರಡು ಚುಕ್ಕೆ ಇಟ್ಟಳು. ಏನದು ಎಂದೆ. ಕುರ್ಚಿಗಳು ಎಂದಳು. ನಕ್ಷೆಯ ಅಳತೆಯಲ್ಲಿ ಆ ಕುರ್ಚಿಗಳು ಒಂದೊಂದು ತಾಲೂಕಿನಷ್ಟು ದೊಡ್ಡವು. ಕ್ಯಾರೊಲ್ ನೋಡಿದಳು, ಅಳಿಸು ಎನ್ನಲಿಲ್ಲ.

ವಿದ್ಯಾರ್ಥಿಗಳು ಆ ಚಿತ್ರವನ್ನು ಬಹಳ ಮೆಚ್ಚಿದರು, ಫೋಟೋ ಹಿಡಿದುಕೊಂಡರು, ಬಿಲ್ಲೆಗಳನ್ನು ಮಾತ್ರ ಆಸ್ಟಿನ್‌ನ ರೈಲು ದಾರಿಯ ಅಕ್ಕಪಕ್ಕ ಇಟ್ಟು ಹೋದರು. ಉಳಿದದ್ದು ಹ್ಯೂಸ್ಟನ್ ಒಂದೇ.

ಹ್ಯೂಸ್ಟನ್ ಸಭೆ ಬಾಹ್ಯಾಕಾಶ ಕೇಂದ್ರದ ಪಕ್ಕದ ಬಡಾವಣೆ ಕ್ಲಿಯರ್ ಲೇಕ್‌ನಲ್ಲಿ. ಗಾಳಿ ಬೆಚ್ಚಗೆ ಒದ್ದೆಯಾಗಿತ್ತು, ಕೊಲ್ಲಿಯ ಕೆಸರಿನ ವಾಸನೆ ಕೋಣೆಯೊಳಗೂ ಬರುತ್ತಿತ್ತು. ಬಂದವರಲ್ಲಿ ಅರ್ಧದಷ್ಟು ಜನ ಬಾಹ್ಯಾಕಾಶದ ಇಂಜಿನಿಯರುಗಳು. ಚಂದ್ರನ ಮೇಲೆ ಎಲ್ಲಿ ಇಳಿಯಬೇಕು ಎಂದು ಯೋಚಿಸುವವರಿಗೆ ನಮ್ಮ ನದಿ ಅಷ್ಟೇನೂ ದೂರವಾಗದು ಎಂಬ ಆಸೆ ನಮಗೆ. ಪದ್ಮಾ ಆಂಟಿ ಅಲ್ಲೇ ಇದ್ದ ಮಗಳ ಮನೆಗೆ ಬರುವ ನೆಪ ಮಾಡಿಕೊಂಡು ಎಲ್ಲರಿಗಿಂತ ಮುಂಚೆ ಬಂದಿದ್ದರು. ಎಲ್ವೀರಾ ಅಮ್ಮನೂ ಬಂದಿದ್ದರು, ಮಗಳನ್ನು ನೋಡಿಹೋಗಲು ಬಸ್ಸಿನಲ್ಲಿ. ಗಿಡ್ಡಗಿನ ಹೆಂಗಸು, ತಾವೇ ಹೊಲಿದ ನೀಲಿ ಅಂಗಿ, ನೇರ ನೋಟ. ಅವರಿಗೆ ಸ್ಪ್ಯಾನಿಷ್ ಬಿಟ್ಟು ಬಾರದು, ಆಂಟಿಗೆ ಸ್ಪ್ಯಾನಿಷ್ ಒಂದೇ ಬಾರದು. ಆದರೂ ಇಬ್ಬರೂ ಒಬ್ಬರ ಸೆರಗು ಇನ್ನೊಬ್ಬರ ತೋಳಿನ ಹೊಲಿಗೆ ಹಿಡಿದು ನೋಡುತ್ತ ಆಗಲೇ ಬಹಳ ಮಾತಾಡಿದ್ದರು.

ಆಂಟಿ ಮೇಜನ್ನು ಕೋಣೆಯ ನಡುವೆ ಎಳೆಸಿ, ನದಿಯ ತುದಿ ಬಾಗಿಲಿಗೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿದ್ದರು. ಬಂದವರಿಗೆಲ್ಲ, "ಈ ತುದಿಯಿಂದ ಶುರು ಮಾಡಿ," ಎಂದು ಬಿಲ್ಲೆ ಕೊಟ್ಟರು. ಕ್ಯಾರೊಲ್ ನನ್ನ ಕಿವಿಯಲ್ಲಿ, ಮೇಜು ಯಾವ ಕಡೆ ಮುಖ ಮಾಡಬೇಕೆಂದು ನಿಯಮವೇನೂ ಇಲ್ಲವಲ್ಲ ಎಂದಳು.

ಪೆನ್ಸಿಲಿನ ಊರು ಕಂಡವರು ಬಗ್ಗಿ ನೋಡಿದರು. ಒಬ್ಬರು ಒಂದು ಬಿಲ್ಲೆ ಇಟ್ಟರು, ನೋಡಿ ಇನ್ನೊಬ್ಬರು ಇಟ್ಟರು. ಪುಣ್ಯದ ಕೆಲಸ ಅಂಟುಜಾಡ್ಯದ ಹಾಗೆ ಹರಡಿತು. ತಮ್ಮ ಬೀದಿಗೆ ಬೇಡವಾದ ಜನವನ್ನು ಅಲ್ಲಿಗೆ ಕಳಿಸಿದರೆ ಮನಸ್ಸಿಗೂ ಹಿತ, ಟ್ರಾಫಿಕ್ಕಿಗೂ ಹಿತ. ಸ್ವಲ್ಪ ಹೊತ್ತಿನಲ್ಲಿ ಚರ್ಚು ಮುಚ್ಚಿತು, ಚೌಕ ಮುಚ್ಚಿತು, ಬಿಲ್ಲೆಗಳು ಒಂದರ ಮೇಲೊಂದು ಗೋಪುರವಾದವು. ಮಾರಿಸೋಲ್ ನನ್ನ ಕೈ ಹಿಡಿದುಕೊಂಡಿದ್ದಳು. ಗೆದ್ದೆವು ಎಂದುಕೊಂಡೆ.

ಆಗ ಎಲ್ವೀರಾ ಅಮ್ಮ ಮೇಜಿನ ಹತ್ತಿರ ಬಂದರು. ಒಂದು ಬಿಲ್ಲೆ ಎತ್ತಿ, ಇದು ಎಷ್ಟು ಜನ ಎಂದು ಮಗಳನ್ನು ಕೇಳಿದರು. ಮಾರಿಸೋಲ್ ಹೇಳಿದಳು. ಅವರು ಗೋಪುರ ನೋಡಿದರು. ಇನ್ನೊಬ್ಬ ಇಂಜಿನಿಯರು ಬಿಲ್ಲೆ ಇಡಲು ಬಗ್ಗಿದ. ಅವರು ಊರಿನ ಮೇಲೆ ತಮ್ಮ ಎರಡೂ ಕೈಗಳನ್ನು ಅಡ್ಡ ಹಿಡಿದರು.

ಕೋಣೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಪದ್ಮಾ ಆಂಟಿಗೆ ಮಾತ್ರ ತಕ್ಷಣ ತಿಳಿಯಿತು. "ಅಯ್ಯೋ, ಸಾಕು ಅಂತಿದಾರೆ ಕಣೇ! ಎಲೆ ಮೇಲೆ ಕೈ ಅಡ್ಡ ಹಿಡಿದ್ರೆ ಬಡಿಸಬಾರ್ದು. ನಿಲ್ಸಿ ನಿಲ್ಸಿ!"

ಎಲ್ವೀರಾ ಅಮ್ಮ ಬಿಲ್ಲೆಗಳನ್ನು ತೆಗೆಯತೊಡಗಿದರು. ಇಟ್ಟವರನ್ನೆಲ್ಲ ನೆನಪಿಟ್ಟುಕೊಂಡಿದ್ದರೋ ಏನೋ, ಒಬ್ಬೊಬ್ಬರ ಕೈಗೇ ವಾಪಸು ಕೊಡುತ್ತ ಹೋದರು. ಮಾರಿಸೋಲ್, "ಅಮ್ಮಾ, ಏನು ಮಾಡ್ತಿದೀಯ? ನನ್ನ ಕೆಲಸ ಹೋಗತ್ತೆ!" ಎಂದು ಸ್ಪ್ಯಾನಿಷಿನಲ್ಲಿ ಕೂಗಿದಳು. ಅಷ್ಟು ಹೊತ್ತಿಗೆ ಅಷ್ಟು ಸ್ಪ್ಯಾನಿಷ್ ನನಗೂ ಅರ್ಥವಾಗುತ್ತಿತ್ತು. ಅಮ್ಮ ಕೈ ನಿಲ್ಲಿಸದೆ ಮಾತಾಡಿದರು, ಮಗಳು ಅಳುತ್ತಲೇ ಒಂದೊಂದು ವಾಕ್ಯವನ್ನೂ ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿದಳು. "ನೀವು ಒಳ್ಳೆಯವರು. ಆದ್ರೆ ಇಷ್ಟು ಜನಕ್ಕೆ ನೀರೆಲ್ಲಿದೆ? ನದಿಯನ್ನ ಈಗ ನೋಡಿದೀರಾ, ಬೇಸಿಗೇಲಿ? ನಂಗೆ ಊರು ದೊಡ್ಡದಾಗೋದು ಬೇಡ. ಮಕ್ಕಳು ವಾಪಸ್ ಬರೋ ಅಷ್ಟು ಆದ್ರೆ ಸಾಕು."

ಕೊನೆಗೆ ಒಂದೇ ಬಿಲ್ಲೆ ಉಳಿಯಿತು. ಅದನ್ನು ಹೊಲಿಗೆ ಅಂಗಡಿಯ ಪಕ್ಕಕ್ಕೆ ಸರಿಸಿ, ಮಗಳ ಕಡೆ ತಿರುಗಿ, "ಇದು ನೀನು," ಎಂದರು.

ನಾನು ಅತ್ತೆ. ನಾಚಿಕೆಯೇನಿಲ್ಲ, ಆಂಟಿಯೂ ಅತ್ತರು. ಇಂಜಿನಿಯರುಗಳು ವಾಪಸು ಬಂದ ಬಿಲ್ಲೆಗಳನ್ನು ಹಿಡಿದು ಶಾಲೆಯ ಮಕ್ಕಳ ಹಾಗೆ ನಿಂತಿದ್ದರು. ಕೈಯಲ್ಲಿ ಉಳಿಸಿಕೊಳ್ಳುವ ಹಾಗಿಲ್ಲ. ಕೊನೆಗೆ ಒಬ್ಬಾತ ಮೇಜು ಸುತ್ತಿ ಆ ತುದಿಗೆ ಹೋಗಿ, ತನ್ನದನ್ನು ಕ್ಲಿಯರ್ ಲೇಕ್‌ನ ತನ್ನದೇ ಬೀದಿಯ ಮೇಲೆ ಇಟ್ಟ. ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು, ಆಮೇಲೆ ತಾನೂ ಪಕ್ಕದಲ್ಲಿ ಒಂದು ಇಟ್ಟಳು. ತಮ್ಮ ಮನೆಯ ಮುಂದೆ ಹೊಸ ಜನ ಬರಲಿ ಎಂದು ಯಾರಾದರೂ ಬಿಲ್ಲೆ ಇಟ್ಟದ್ದನ್ನು ಅಷ್ಟು ವರ್ಷಗಳ ಸಭೆಗಳಲ್ಲಿ ಅದೇ ಮೊದಲು ನೋಡಿದ್ದು ಎಂದು ಕ್ಯಾರೊಲ್ ಆಮೇಲೆ ಹೇಳಿದಳು.

ಸಮಿತಿಯ ಮುಂದೆ ಅವಳು ಇಡೀ ಸಂಗತಿಯನ್ನು ನಡೆದಂತೆಯೇ ಹೇಳಿದಳಂತೆ. ನದಿಯ ಕಡೆಗೆ ಒಂದೇ ಬಿಲ್ಲೆಯೇ, ಅಲ್ಲಿಗೆ ನಿಜಕ್ಕೂ ಯಾರು ಹೋಗುತ್ತಾರೆ ಎಂದು ಒಬ್ಬರು ಕೇಳಿದರಂತೆ. "ಒಬ್ಬಳಂತೂ ಖಚಿತ," ಎಂದಳಂತೆ ಕ್ಯಾರೊಲ್. ಸೆಪ್ಟೆಂಬರಿನಲ್ಲಿ ಮೊದಲ ತಂಗಾಳಿ ಬೀಸುವ ಹೊತ್ತಿಗೆ ಉತ್ತರ ಬಂತು. ದೊಡ್ಡ ಅಧ್ಯಾಯ ಮೂರು ಪುಟಕ್ಕೆ ಇಳಿದಿತ್ತು, ಕಚೇರಿ ಒಂದು ಕೋಣೆಗೆ ಇಳಿದಿತ್ತು. ಆದರೆ ಉಳಿದಿತ್ತು. ಮಾರಿಸೋಲ್ ಹೊರಟ ದಿನ ಬಸ್ಸು ಕಣ್ಣಿಗೆ ಮರೆಯಾಗುವ ತನಕ ನಿಂತಿದ್ದೆ. ಸಂತೋಷವೇ ಆಗಿತ್ತು, ಆದರೂ ಆ ಬೇಸಿಗೆ ನನ್ನನ್ನು ಅಲ್ಲೇ ಇಳಿಸಿ ತಾನು ಮುಂದೆ ಹೋಯಿತು ಎನಿಸಿತು.

ಕ್ಯಾರೊಲ್ ಈಗ ನಿವೃತ್ತಳು, ನಾನು ಡಲ್ಲಾಸಿಗೆ ಬಂದು ಬಸ್ಸು ದಾರಿಗಳ ಯೋಜನೆ ಮಾಡುತ್ತಿದ್ದೇನೆ. ಆ ಐವತ್ತು ವರ್ಷದ ಕನಸಿನಲ್ಲಿ ಎಷ್ಟು ನಿಜವಾಗುತ್ತದೋ ನೋಡಲು ನಾನು ಇರುತ್ತೇನೋ ಇಲ್ಲವೋ. ಆಫೀಸು ಶಿಫ್ಟ್ ಆದ ಮರುದಿನ ಮಧ್ಯಾಹ್ನ, ಯಾಕೋ ತಡೆಯಲಾಗದೆ, ಮಾರಿಸೋಲಳಿಗೆ ಫೋನ್ ಮಾಡಿದೆ. ಎರಡೂ ದೇಶದ ಅಧಿಕಾರಿಗಳು ಅವಳ ಒಂದು ಕೋಣೆಯಲ್ಲಿ ಕುಡಿಯುವ ನೀರಿನ ಬಗ್ಗೆ ಜಗಳವಾಡುತ್ತಾರಂತೆ, ಜಗಳವಾಡಲು ತಪ್ಪದೆ ಬರುತ್ತಾರಂತೆ, ಅದೇ ದೊಡ್ಡದು ಎಂದಳು. ಹಿಂದೆ ಯಾರೋ ಗಟ್ಟಿಯಾಗಿ ಬೈಯುವುದು ಕೇಳಿಸಿತು. ಯಾರು ಎಂದೆ.

"ಇನ್ಯಾರು? ಐವತ್ತು ವರ್ಷ ಮುಂದಿಂದೆಲ್ಲ ಗೊತ್ತಂತೆ ಇವಳಿಗೆ, ಮಧ್ಯಾಹ್ನ ಊಟದ ಹೊತ್ತು ಯಾವುದು ಅಂತ ಗೊತ್ತಿಲ್ಲ ಅಂತಿದಾಳೆ," ಎಂದು ನಕ್ಕಳು. "ಇಡ್ತೀನಿ ವೇಣಿ. ಕರ್ಕೊಂಡು ಹೋಗೋಕೆ ಅಮ್ಮ ಆಫೀಸಿನ ಬಾಗಿಲಿಗೇ ಬಂದುಬಿಟ್ಟಿದಾಳೆ."